ನೀಲವ್ವನಗಡ್ಡಿಯ ಕಡವಿನ ಗಂಟೆ

ನಾನೊಂದು ಕಂಚಿನ ಗಂಟೆ. ನನ್ನನ್ನು ಎರಕ ಹೊಯ್ದದ್ದು ದೇವರಿಗೆಂದು. ನಾನು ದುಡಿದದ್ದು ಮಾತ್ರ ಹೊಳೆಗೆ.

ಹುಟ್ಟಿದ್ದು ಹೊಳೆದಂಡೆಯ ಪೇಟೆಯಲ್ಲಿ, ಕಂಚುಗಾರರ ಓಣಿಯ ಹೊಗೆ ಹಿಡಿದ ಚಪ್ಪರದ ಕೆಳಗೆ. ನನ್ನನ್ನು ಮಾಡಿದವನು ಕಾಳಾಚಾರಿ. ಪೇಟೆಯವರು ಕೊಟ್ಟ ಒಡಕು ತಂಬಿಗೆ, ಸೀಳು ಬಿಟ್ಟ ಗಂಗಾಳ, ತೀರಿಕೊಂಡ ಮುದುಕಿಯರ ಕಂಚಿನ ಕಡಗ, ಎಲ್ಲ ಮೂಸೆಯಲ್ಲಿ ಕರಗಿ ನಾನಾದೆ. ಮಣ್ಣಿನ ಅಚ್ಚು ಒಡೆದು ನನ್ನನ್ನು ಹೊರಗೆ ತೆಗೆದ ಕಾಳಾಚಾರಿ ಮೈಯೆಲ್ಲ ಉಜ್ಜಿ ಹೊಳಪು ಕೊಟ್ಟು, ನಾಲಿಗೆ ಕಟ್ಟಿ, ಮೊದಲ ಸಲ ಬಾರಿಸಿದ. ಓಣಿಯ ನಾಯಿಗಳೆಲ್ಲ ಮುಖ ಎತ್ತಿ ಊಳಿಟ್ಟವು. ಗುಡಿಯ ಪೂಜಾರಿ ಕಿವಿ ಮುಚ್ಚಿಕೊಂಡು, "ಇದು ಮಂಗಳಾರತಿಗೆ ಬಾರಸೋ ಗಂಟಿ ಅಲ್ಲೋ ಆಚಾರಿ. ಯಾರೋ ಅತ್ತಂಗ ಕೇಳಸ್ತೈತಿ," ಎಂದ.

ಕೇಳಲು ಬಾರದ ಕಿವಿಗೆ ರಾಗವೆಲ್ಲ ಅಳುವೇ. ಅಂದಿನಿಂದ ನನಗೆ ಪೂಜಾರಿಗಳೆಂದರೆ ಅಷ್ಟಕ್ಕಷ್ಟೇ. ಆದರೆ ಅವನ ಬಾಯಿಂದ ಬಂದ ಮಾತು ಓಣಿಯಲ್ಲಿ ಹಬ್ಬಿತು, ಯಾವ ಗುಡಿಯವರೂ ನನ್ನನ್ನು ಒಯ್ಯಲಿಲ್ಲ. ಕೊನೆಗೆ ಬಂದವನು ಚೌಡಪ್ಪ, ಹೊಳೆಯ ಅಂಬಿಗ. ನನ್ನನ್ನು ಒಮ್ಮೆ ಬಾರಿಸಿ, ಕಣ್ಣು ಮುಚ್ಚಿ ಕೇಳಿ, "ಇಂಥಾ ದನೀನ ನೀರಿನ ಮ್ಯಾಲೆ ದೂರ ಹೋಗೋದು," ಎಂದು ಹೆಗಲ ಮೇಲೆ ಹೊತ್ತು ನಡೆದ.

ಹೊಳೆ ಅಲ್ಲಿ ಬಲು ಅಗಲ. ಈಚೆಗೆ ಪೇಟೆ, ಆಚೆಗೆ ಜಾಲಿ, ಆಪಿನ ಹುಲ್ಲು ಮತ್ತು ಅಂಬಿಗರ ಕೆಲವು ಗುಡಿಸಲುಗಳು. ಚೌಡಪ್ಪನ ಗುಡಿಸಲೂ ಆಚೆಗೇ ಇತ್ತು. ಪೇಟೆಗೆ ಬಂದು ತಿರುಗಿ ಹೋಗುವವರು ಈಚೆಯ ದಡದಲ್ಲಿ ನಿಂತು ಹರಿಗೋಲಿಗಾಗಿ ಕೂಗಿ ಕೂಗಿ ಗಂಟಲು ಹರಿದುಕೊಳ್ಳುತ್ತಿದ್ದರು. ಚೌಡಪ್ಪ ನನ್ನನ್ನು ಈಚೆಯ ದಡದ ಕಲ್ಲುಕಂಬಕ್ಕೆ ನೇತುಹಾಕಿ ನಾಲಿಗೆಗೊಂದು ಹಗ್ಗ ಇಳಿಬಿಟ್ಟ. ಆಚೆಗೆ ಹೋಗಬೇಕಾದವರು ಹಗ್ಗ ಎಳೆಯುತ್ತಿದ್ದರು. ನನ್ನ ದನಿ ಕೇಳಿ ಅವನು ಹರಿಗೋಲು ತರುತ್ತಿದ್ದ.

ಆಗ ಆಚೆಯ ಆ ಜಾಗಕ್ಕೆ ಹೆಸರೇ ಇರಲಿಲ್ಲ. ಪೇಟೆಯವರು ಆಚಿದಡ ಎನ್ನುತ್ತಿದ್ದರು. ಅಲ್ಲಿ ಬದುಕಿದವರೂ ಆಚಿದಡ ಎಂದೇ ಕರೆಯುತ್ತಿದ್ದರು. ತಾವು ನಿಂತ ನೆಲವನ್ನೇ ಆಚೆಯದು ಎನ್ನುವ ಜನವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಹಗ್ಗ ಹಿಡಿದ ಕೈ ಎಂಥದೆಂದು ನನಗೆ ಕೂಡಲೇ ತಿಳಿಯುತ್ತಿತ್ತು. ಬಳೆಗಾರನ ಕೈ ಹಗುರ, ಮೀನಿನವಳ ಕೈ ಜಾರು, ಕುಡಿದು ಬಂದವನದು ಸುಮ್ಮನೆ ಜೋತುಬೀಳುವ ಕೈ. ಮಾಗಿಯ ಒಂದು ಮುಂಜಾನೆ ಹೊಳೆಯ ಮೇಲೆ ಮಂಜು ದಟ್ಟವಾಗಿ ಕೂತಿತ್ತು. ಯಾರೋ ಹಗ್ಗ ಎಳೆದರು. ಆ ಕೈಯಲ್ಲಿ ಬಿಸಿ ಇರಲಿಲ್ಲ, ಚಳಿಯ ತಣ್ಣನೆಯೂ ಇರಲಿಲ್ಲ. ಹಗ್ಗಕ್ಕೆ ಒದ್ದೆ ಬಟ್ಟೆ ಸುತ್ತಿ ಬಿಟ್ಟ ಹಾಗಿತ್ತು. ಆಚೆಯಿಂದ ಚೌಡಪ್ಪ, "ಎಲ್ಲಿಗೆ?" ಎಂದು ಕೂಗಿದ. ನನ್ನ ಕಂಬದ ಬಳಿಯಿಂದ, "ಆಚಿಗೆ," ಎಂಬ ಉತ್ತರ ಹೋಯಿತು.

ಚೌಡಪ್ಪ ಹರಿಗೋಲು ತಂದ. ದಡದಲ್ಲಿ ಯಾರೂ ಕಾಣಲಿಲ್ಲ. ಬೈದುಕೊಂಡು ತಿರುಗಿ ಹೊರಟ. ಹೋಗುವಾಗ ಅವನ ಹರಿಗೋಲು ತುಂಬಿದ ಹರಿಗೋಲಿನಂತೆ ನೀರಿಗೆ ಇಳಿದು ಸಾಗುತ್ತಿದ್ದುದನ್ನು ನಾನು ಕಂಡೆ. ಅವನು ಹಿಂತಿರುಗಿ ನೋಡಲಿಲ್ಲ, ಪುಣ್ಯಾತ್ಮ.

ಅಂದಿನಿಂದ ಚೌಡಪ್ಪನ ಹೆಂಡತಿ ನೀಲವ್ವನಿಗೆ ಹೊಸ್ತಿಲಿನ ಆಚೆ ಯಾರೋ ಕೂತು ಮಾತಾಡುವುದು ಕೇಳತೊಡಗಿತು. ನೀರು ಬೇಡುವುದಿಲ್ಲ, ಅನ್ನ ಬೇಡುವುದಿಲ್ಲ, "ನಾ ಎಲ್ಲಿಗೆ ಬಂದೀನಿ?" ಎಂದಷ್ಟೇ ಕೇಳುತ್ತದೆ ಎಂದು ಅವಳು ಗಂಡನಿಗೆ ಹೇಳಿದಳಂತೆ. ಏನೆಂದು ಉತ್ತರ ಕೊಡಬೇಕು? ಊರಿಗೆ ಹೆಸರಿಲ್ಲ. ನೀಲವ್ವ ಕರುಳಿನ ಹೆಂಗಸು. ದಾರಿ ತಪ್ಪಿದವರನ್ನು ದಾರಿಗೆ ಹಚ್ಚಿ ಬರುತ್ತೇನೆ ಎಂದು ಒಂದು ಬೆಳಗ್ಗೆ ಕೊಡ ಹಿಡಿದು ಹೊಳೆಯ ಕಡೆ ನಡೆದಳು. ಕೊಡ ಮಾತ್ರ ತೇಲಿ ನನ್ನ ದಡಕ್ಕೆ ಬಂತು.

ಅಂಬಿಗರಲ್ಲೆಲ್ಲ ಹಿರಿಯಳು ಹುಲಿಗೆವ್ವ ಎಂಬ ಮುದುಕಿ. ಅವಳು ಎಲ್ಲರನ್ನೂ ನನ್ನ ಕಂಬದ ಬುಡಕ್ಕೆ ಕರೆತಂದು, "ಹೆಸರಿಲ್ಲದ ಊರು ಅಂದ್ರ ಬಾಗಲಿಲ್ಲದ ಮನಿ. ಯಾರು ಬೇಕಾದ್ರೂ ಒಳಗ ಬರ್ತಾರ," ಎಂದಳು. "ಹೋದಾಕಿ ಹೆಸರು ಇಡ್ರಿ, ಆಕಿನ ಊರ ಕಾಯ್ಲಿ. ಮಂಜಿನ್ಯಾಗ ಗಂಟಿ ಬಾರಿಸಿದ್ರ ಯಾವೂರಿಗೆ ಅಂತ ಕೇಳ್ರಿ. ಊರ ಹೆಸರು ಹೇಳದವರಿಗೆ ಹರಿಗೋಲಿನ ಹಗ್ಗ ಬಿಚ್ಚಬ್ಯಾಡ್ರಿ. ಸತ್ತವರಿಗೆ ಹೋಗಾಕ ಊರಿರೂದಿಲ್ಲ."

ಹೊಳೆಯೊಳಗಿಂದ ಎದ್ದ ನೆಲಕ್ಕೆ ನಮ್ಮ ಕಡೆ ಗಡ್ಡಿ ಎನ್ನುತ್ತಾರೆ. ಹೀಗೆ ಆಚಿದಡ ನೀಲವ್ವನಗಡ್ಡಿಯಾಯಿತು.

ಬಿಸಿಲಿನಲ್ಲಿ ಈ ಪ್ರಶ್ನೆಗೆ ಕೆಲಸವಿರಲಿಲ್ಲ, ನಿಂತವರು ಕಣ್ಣಿಗೆ ಕಾಣುತ್ತಿದ್ದರು. ಮಂಜು ಬಿದ್ದ ದಿನ ಮಾತ್ರ ಆಚೆಯಿಂದ "ಯಾವೂರಿಗೆ?" ಎಂಬ ಕೂಗು ಬರುತ್ತಿತ್ತು. ಪೇಟೆಯ ಸಾಹುಕಾರರು, "ಇವರ ಊರೇನು ಸ್ವರ್ಗ ಏನೋ, ಬಾಗಿಲಲ್ಲಿ ಕೇಳಿ ಬಿಡಾಕ," ಎಂದು ನಗುತ್ತಿದ್ದರು. ನಕ್ಕು, ಆಮೇಲೆ ಗಂಟಲು ಸರಿಮಾಡಿಕೊಂಡು ತಪ್ಪದೆ ಹೆಸರು ಹೇಳುತ್ತಿದ್ದರು. ಆ ಒದ್ದೆ ಕೈಗಳು ಆಗಾಗ ಬಂದವು. ಯಾವೂರಿಗೆ ಎಂದು ಕೇಳಿದಾಗ ಕೆಲವು ಸುಮ್ಮನಿದ್ದವು, ಕೆಲವು "ಆಚಿಗೆ, ಆಚಿಗೆ" ಎಂದು ಗೊಣಗಿದವು. ಹರಿಗೋಲು ಬರಲಿಲ್ಲ. ಬಿಸಿಲೇರುವ ಹೊತ್ತಿಗೆ ಹಗ್ಗ ಒಣಗುತ್ತಿತ್ತು.

ಆಚೆ ಊರು ಬೆಳೆಯಿತು. ಪೇಟೆಯಲ್ಲಿ ಜಾಗ ಸಾಲದೆ ಹೆಂಚಿನ ಕಾರ್ಖಾನೆ ಹೊಳೆ ದಾಟಿತು. ಅದರ ಬೆನ್ನಿಗೆ ಅಕ್ಕಿ ಗಿರಣಿ, ಕೂಲಿಕಾರರ ಸಾಲುಮನೆಗಳು, ಕಾರಕೂನರ ಮನೆಗಳು, ಒಂದು ಶಾಲೆ. ಬೆಳಗ್ಗೆ ಈಚೆಗೆ, ಸಂಜೆ ಆಚೆಗೆ ಎಂದು ಜನ ಹರಿಗೋಲಿನಲ್ಲಿ ನೂಕಾಡತೊಡಗಿದರು. ಚೌಡಪ್ಪ ಸತ್ತು ಅವನ ಮಗ ಹನುಮಪ್ಪ ಹುಟ್ಟು ಹಿಡಿದಿದ್ದ. ಹನುಮಪ್ಪನಿಗೆ ಇಬ್ಬರು ಮಕ್ಕಳು: ದ್ಯಾಮಣ್ಣ, ಅವನ ತಂಗಿ ಫಕೀರವ್ವ.

ಫಕೀರವ್ವನ ಮೇಲೆ ನನಗೆ ಹುಚ್ಚು ಪ್ರೀತಿ. ತಾಯಿಯಿಲ್ಲದ ಹುಡುಗಿ, ಅಣ್ಣನ ಹೆಗಲ ಮೇಲೇ ಬೆಳೆದವಳು. ಪೇಟೆಗೆ ಬಂದಾಗಲೆಲ್ಲ ಹುಣಸೆಹಣ್ಣು ಹಚ್ಚಿ ನನ್ನನ್ನು ತಿಕ್ಕಿ ಬೆಳಗುತ್ತಿದ್ದಳು. ಅಣ್ಣ ಹರಿಗೋಲು ತರುವುದು ತಡವಾದರೆ ಹಗ್ಗ ಎಳೆದೆಳೆದು ಅವನಿಗೆ ಸಾಕುಸಾಕು ಮಾಡುತ್ತಿದ್ದಳು. ಅವಳನ್ನು ಹೊಳೆಯೇ ಇಲ್ಲದ ಸೀಮೆಯ ಒಬ್ಬ ಕಲ್ಲುಕೆಲಸದವನಿಗೆ ಕೊಟ್ಟರು. ಮದುವೆಯಾಗಿ ಹೋಗುವ ದಿನ, "ಪಂಚಮಿಗೆ ಕರಿಯಾಕ ಬರ್ತೀನಿ," ಎಂದು ದ್ಯಾಮಣ್ಣ ಅಂದ. ಹೋದ. ಆದರೆ ಅಷ್ಟರಲ್ಲಿ ಅವಳ ಗಂಡ ಅಣೆಕಟ್ಟಿನ ಕೆಲಸಕ್ಕೆಂದು ಯಾವುದೋ ಕ್ಯಾಂಪಿಗೆ ಹೋಗಿದ್ದ, ಅಲ್ಲಿಂದ ಇನ್ನೊಂದಕ್ಕೆ. ಮಗಳ ಸುದ್ದಿ ತವರಿಗೆ ಬರುವುದು, ತವರಿನ ಸುದ್ದಿ ಅವಳಿಗೆ ಹೋಗುವುದು ಎರಡೂ ನಿಂತವು.

ಆಮೇಲೆ ಬಂದದ್ದು ಆ ಸಂತೆಯ ದಿನ. ಹೊಳೆ ಮೇಲಿನ ಮಳೆಗೆ ಕೆಂಪಾಗಿ ಏರಿತ್ತು. ನಿಲ್ಲಿರೋ, ಇನ್ನೊಂದು ಸುತ್ತು ಬರುತ್ತೇನೆ ಎಂದು ಹನುಮಪ್ಪ ಎಷ್ಟು ಹೇಳಿದರೂ ಕೇಳದೆ ಜನ ಹತ್ತಿದರು. ನಡುಹೊಳೆಯಲ್ಲಿ ಹರಿಗೋಲು ಮಗುಚಿತು. ಹನುಮಪ್ಪನ ಜೊತೆ ನೀಲವ್ವನಗಡ್ಡಿಯ ಎಷ್ಟೋ ಮನೆಗಳ ದೀಪ ಆರಿತು. ಯಾರೋ ಈಚೆಯ ದಡದಲ್ಲಿ ನನ್ನನ್ನು ಬಾರಿಸುತ್ತಲೇ ಇದ್ದರು, ನನ್ನ ದನಿಯನ್ನು ಹಿಡಿದುಕೊಂಡು ಮುಳುಗುವವರು ಏಳುತ್ತಾರೇನೋ ಎಂಬ ಹಾಗೆ.

ಇಲ್ಲಿಗೆ ಹುಲಿಗೆವ್ವನ ಕಟ್ಟು ಮುರಿಯಿತು. ಮುದುಕಿ ಒಂದು ಮಾತು ಯೋಚಿಸಿರಲಿಲ್ಲ. ಹಿಂದಿನ ಸತ್ತವರು ಎಲ್ಲಿಯವರೋ, ಇವರು ಊರಿನವರೇ. ಇವರಿಗೆ ಹೆಸರು ಗೊತ್ತು.

ಆ ಮಾಗಿಯ ಮೊದಲ ಮಂಜಿನಲ್ಲಿ ನನ್ನ ಹಗ್ಗ ಒದ್ದೆಯಾಗಿ ತೂಗಿತು. ಆಚೆಯಿಂದ ದ್ಯಾಮಣ್ಣ, "ಯಾವೂರಿಗೆ?" ಎಂದ. "ನೀಲವ್ವನಗಡ್ಡಿಗೆ, ಮಗನ. ಮೈಯೆಲ್ಲ ತೊಯ್ದೈತಿ, ಲಗೂನ ಬಾ," ಎಂದು ಹನುಮಪ್ಪನ ದನಿ ಹೇಳಿತು. ದ್ಯಾಮಣ್ಣ ಮಗ. ಅಪ್ಪ ಕರೆದರೆ ಬಾರದಿರುತ್ತಾನೆಯೇ? ಅಳುತ್ತ ಹುಟ್ಟು ಹಾಕಿಕೊಂಡು ಬಂದ, ದಡದಲ್ಲಿ ಯಾರನ್ನೂ ಕಾಣದೆ ಅಳುತ್ತಲೇ ತಿರುಗಿದ. ಹರಿಗೋಲು ಅಂಚಿನವರೆಗೂ ನೀರಿಗಿಳಿದಿತ್ತು. ಆ ವಾರ ಅವನ ತೊಟ್ಟಿಲ ಕೂಸು ಜ್ವರವಿಲ್ಲದೆ, ಕೆಮ್ಮಿಲ್ಲದೆ, ಬಾಯ ತುಂಬ ಹೊಳೆಯ ನೀರು ಕಾರಿ ಸತ್ತಿತು.

ಅದೇ ವರ್ಷ ಪೇಟೆಯ ದೊಡ್ಡವರು ಊರಿನ ಹೆಸರು ಬದಲಿಸಲು ಹೊರಟರು. ಕಾರ್ಖಾನೆ ಬಂದ ಊರು, ಬಡಾವಣೆ ಬರುವ ಊರು, ಸತ್ತ ಹೆಂಗಸಿನ ಹೆಸರಿಟ್ಟುಕೊಂಡು ಗಡ್ಡಿ ಎನಿಸಿಕೊಳ್ಳುವುದು ಚೆಂದವಲ್ಲ ಎಂದು ಅವರಿಗೆ ಅನ್ನಿಸಿತ್ತು. ಶಾಮಿಯಾನ ಹಾಕಿ, ಹಾರ ಹಾಕಿಸಿಕೊಂಡು, ಇಂದಿನಿಂದ ಇದು ಪ್ರಭಾತನಗರ ಎಂದು ಸಾರಿದರು. ಅಂಬಿಗರು ಕಲ್ಲು ತೂರುತ್ತಾರೆ ಎಂದು ಪೊಲೀಸರನ್ನೂ ಕರೆಸಿದ್ದರಂತೆ. ಅಂಬಿಗರು ಕಲ್ಲು ತೂರಲಿಲ್ಲ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ. ದೊಡ್ಡವರು ಹಿಗ್ಗಿ ಹೀರೇಕಾಯಿಯಾಗಿ ಈಚೆಯ ದಡಕ್ಕೆ ಮರಳಿದರು. ಅವರನ್ನು ಇಳಿಸಿ ನನ್ನ ಬುಡದಲ್ಲಿ ಬೀಡಿ ಹಚ್ಚಿದ ಅಂಬಿಗರ ಮುದುಕನೊಬ್ಬ ದ್ಯಾಮಣ್ಣನಿಗೆ ಹೇಳಿದ: "ಸತ್ತವರು ಪೇಪರ್ ಓದೂದಿಲ್ಲ. ಇನ್ನ ಹಳೇ ಹೆಸರು ಹೇಳಿದವರಿಗೆ ಹಗ್ಗ ಬಿಚ್ಚಬ್ಯಾಡ. ಅಪ್ಪ ಆಗಲಿ, ಅವ್ವ ಆಗಲಿ."

"ಬಿಚ್ಚೂದಿಲ್ಲ," ಎಂದ ದ್ಯಾಮಣ್ಣ. ಸತ್ತ ಕೂಸಿನ ಮೇಲೆ ಆಣೆ ಇಟ್ಟ.

ಊರಿನವರು ಹೊಸ ಹೆಸರನ್ನು ಬೇಗ ಕಲಿತರು. ಮನೆಯ ಮಕ್ಕಳಿಗೆ ತಂದೆಯ ಹೆಸರಿಗಿಂತ ಮೊದಲು ಅದನ್ನು ಕಲಿಸಿದರು. ಒದ್ದೆ ಕೈಗಳು ಬಂದು ನೀಲವ್ವನಗಡ್ಡಿಗೆ, ನೀಲವ್ವನಗಡ್ಡಿಗೆ ಎಂದು ಕರೆದು ಕರೆದು ಹೋದವು. ಆಚೆಯಿಂದ ಹುಟ್ಟಿನ ಸದ್ದು ಬರಲಿಲ್ಲ. ನಾನು ಹೆದರುವ ಜಾತಿಯಲ್ಲ, ಆದರೂ ಆ ಬೆಳಗುಗಳಲ್ಲಿ ನನಗೆ ಬಿಸಿಲು ಬೇಕೆನಿಸುತ್ತಿತ್ತು.

ಕೆಲವು ವರ್ಷ ಕಳೆದವು. ದ್ಯಾಮಣ್ಣನಿಗೆ ಇನ್ನೊಂದು ಗಂಡುಮಗುವಾಯಿತು. ಮತ್ತೊಂದು ಮಾಗಿ ಬಂತು. ಕಂಬದ ಬುಡವೇ ನನಗೆ ಕಾಣದಷ್ಟು ಮಂಜು ಬಿದ್ದ ಒಂದು ಬೆಳಗ್ಗೆ, ಪೇಟೆಯ ಕಡೆಯಿಂದ ಮೆಟ್ಟಿಲಿಳಿಯುವ ಕಾಲ ಸಪ್ಪಳ ಕೇಳಿತು. ಒಂದು ಅಂಗೈ ನನ್ನ ಮೈ ಸವರಿತು. ಕಲ್ಲು ಒಡೆದು ಒಡೆದು ಒರಟಾದ ಅಂಗೈ, ಬಿಸಿಯಾಗಿತ್ತು. "ಯಾರೂ ತಿಕ್ಕಿಲ್ಲೇನು ನಿನ್ನ? ಹಸರ ಹಿಡದೀಯಲ್ಲ," ಎಂದಳು ಫಕೀರವ್ವ.

ನನಗಾದ ಸಂತೋಷವನ್ನು ಏನು ಹೇಳಲಿ. ಅವಳ ಗಂಡ ಕ್ವಾರಿಯಲ್ಲಿ ಬಂಡೆ ಉರುಳಿ ಸತ್ತಿದ್ದ. ಮಕ್ಕಳಿಲ್ಲ. ಕ್ಯಾಂಪಿನವರು ಬಸ್ಸು ಹತ್ತಿಸಿ ಕಳಿಸಿದ್ದರು. ಕೈಯಲ್ಲಿ ಒಂದು ಗಂಟು, ಅದರಲ್ಲಿ ಅಣ್ಣನಿಗೆಂದು ಒಂದು ಟವಲು. ಇದನ್ನೆಲ್ಲ ಅವಳೇ ನನಗೆ ಹೇಳಿದಳು. ಆಮೇಲೆ ಹಗ್ಗ ಹಿಡಿದು ಎಳೆದಳು. ನಾನು ಹುಟ್ಟಿದಂದಿನಿಂದ ಅಷ್ಟು ಹಿಗ್ಗಿ ಹಾಡಿರಲಿಲ್ಲ.

ಆಚೆಯಿಂದ ದ್ಯಾಮಣ್ಣನ ಕೂಗು ಬಂತು. "ಯಾವೂರಿಗೆ?"

"ನೀಲವ್ವನಗಡ್ಡಿಗೆ ಅಣ್ಣಾ. ನಾನು ಫಕೀರವ್ವ."

ಹುಟ್ಟಿನ ಸದ್ದು ಬರಲಿಲ್ಲ. ಅವಳು ಮತ್ತೆ ಬಾರಿಸಿ ಮತ್ತೆ ಹೇಳಿದಳು. ಆಮೇಲೆ ಮಂಜಿನೊಳಗಿಂದ ದ್ಯಾಮಣ್ಣನ ದನಿ ಬಂತು. "ಹೆಂಗ ಸತ್ತಿಯವ್ವಾ ತಂಗಿ?"

ಫಕೀರವ್ವ ನಕ್ಕುಬಿಟ್ಟಳು. "ನಿನ್ನ ಬಾಯಾಗ ಮಣ್ಣು ಬೀಳಲಿ. ಬದುಕೀನಿ. ಈಗ ಬಸ್ಸಿನಿಂದ ಇಳದೀನಿ, ಹೊಟ್ಟಿ ಹಸದೈತಿ."

"ಎಲ್ಲಾರೂ ಹಂಗ ಅಂತಾರವ್ವ. ಅಪ್ಪನೂ ಹಂಗ ಅಂದ."

"ಅಪ್ಪಗ ಏನಾತು?" ಎಂದು ಅವಳು ಕೇಳಿದಳು. ಅಪ್ಪ ಸತ್ತ ಸುದ್ದಿ ಅವಳಿಗೆ ತಿಳಿದದ್ದು ಹಾಗೆ.

"ಮೊದಲಿನ ಕೂಸು ಅಪ್ಪ ಒಯ್ದ," ಎಂದ ದ್ಯಾಮಣ್ಣ. ಅವನು ಅಳುತ್ತಿದ್ದ, ಅಳು ನೀರಿನ ಮೇಲೆ ಬಲು ಚೆನ್ನಾಗಿ ಕೇಳುತ್ತದೆ. "ಇನ್ನೊಂದು ತೊಟ್ಟಲದಾಗೈತಿ. ಕೈ ಮುಗೀತೀನಿ, ಬರಬ್ಯಾಡ. ಎಡಿ ಇಡ್ತೀನಿ, ಉಂಡು ಸುಖವಾಗಿ ಹೋಗು."

ಅವಳು ಹಗ್ಗ ಬಿಡಲಿಲ್ಲ. ಅಣ್ಣಾ ಎಂದಳು, ಬಾಲ್ಯದ ಮಾತುಗಳನ್ನೆಲ್ಲ ಹೇಳಿದಳು, ಬೈದಳು, ಆಣೆ ಇಟ್ಟಳು. ಅವಳು ಹೇಳಿದ್ದನ್ನೆಲ್ಲ ಸತ್ತ ತಂಗಿಯೂ ಹೇಳಬಲ್ಲಳು, ಅದೇ ಕಷ್ಟ. ಒಂದೇ ಒಂದು ಹೊಸ ಹೆಸರು ಹೇಳಿದ್ದರೆ ಸಾಕಾಗಿತ್ತು. ಅದು ಅವಳಿಗೆ ತಿಳಿದಿರಲಿಲ್ಲ. ನನಗೆ ತಿಳಿದಿತ್ತು. ಅವಳ ಕೈ ಬಿಸಿಯಾಗಿದೆ ಎಂಬುದೂ ನನಗೊಬ್ಬನಿಗೇ ತಿಳಿದಿತ್ತು. ಮೂಸೆಯ ಬೆಂಕಿಯಲ್ಲೂ ನನಗೆ ಅಂಥ ಸಂಕಟವಾಗಿರಲಿಲ್ಲ. ನನಗಿರುವುದು ಒಂದೇ ದನಿ, ಅದೂ ಅಳುವ ದನಿ. ನಾನು ಹೊಡೆದುಕೊಂಡಷ್ಟೂ ಆಚೆಯವರಿಗೆ ಹೆದರಿಕೆ ಹೆಚ್ಚಾಗಿರಬೇಕು.

ಅಂದು ಹೊತ್ತೇರಿದರೂ ಮಂಜು ಕರಗಲಿಲ್ಲ. ಕರಗಿದಾಗ ಆಚೆಯ ದಡ ಬಿಸಿಲಿನಲ್ಲಿ ಸ್ಪಷ್ಟವಾಗಿ ಕಂಡಿತು. ದ್ಯಾಮಣ್ಣ ತಲೆ ಬೋಳಿಸಿಕೊಂಡು, ಒದ್ದೆ ಪಂಚೆಯಲ್ಲಿ, ನೀರಿನಂಚಿಗೆ ಬಾಳೆಯೆಲೆ ಹಾಸಿ ಅನ್ನ ಇಡುತ್ತಿದ್ದ. ಹಿಂದೆ ಊರಿನವರು ನಿಂತಿದ್ದರು. ಅವನು ಒಮ್ಮೆಯೂ ತಲೆ ಎತ್ತಿ ಈಚೆ ನೋಡಲಿಲ್ಲ. ನೋಡಬಾರದೆಂದು ಹಿರಿಯರು ಹೇಳಿದ್ದರೇನೋ. ಎಡೆ ಇಟ್ಟು ಎಲ್ಲರೂ ಹಿಂದೆ ಸರಿದರು. ಕಾಗೆ ಮುಟ್ಟಿದರೆ ಸತ್ತವರು ಒಪ್ಪಿಕೊಂಡರು ಎಂದು ಲೆಕ್ಕ. ಕಾಗೆ ಬಂದು, ಅತ್ತಿತ್ತ ನೋಡಿ, ಒಂದು ಅಗುಳು ಎತ್ತಿಕೊಂಡಿತು.

ಫಕೀರವ್ವ ಅದನ್ನು ನೋಡುತ್ತ ನನ್ನ ಕಂಬಕ್ಕೆ ಒರಗಿ ಕೂತಳು. "ಕಾಗಿ ಮುಟ್ತು," ಎಂದು ಮೆಲ್ಲಗೆ ಅಂದಳು. ಆಮೇಲೆ ತನ್ನ ಕೈಯನ್ನು ತಾನೇ ಹಿಂಡಿ ನೋಡಿಕೊಂಡಳು.

ಅವಳು ಆಚೆಗೆ ಹೋಗಲಿಲ್ಲ. ಹೊಸ ಹೆಸರು ಮರುದಿನವೇ ಅವಳ ಕಿವಿಗೆ ಬಿತ್ತು, ಹೇಳಿ ದಾಟಬಹುದಿತ್ತು. "ಎಡಿ ಇಟ್ಟ ಮನಿಗೆ ಕರೀದ ಹೆಂಗ ಹೋಗ್ಲಿ? ಕರಿಯಾಕ ಅಣ್ಣ ಬರಬೇಕು," ಎಂದು ನನಗೆ ಹೇಳಿದಳು. ತವರಿನ ಹೆಣ್ಣುಮಕ್ಕಳ ಸೆಡವು ನಿಮಗೆ ಗೊತ್ತಿರಬೇಕು. ದಡದ ಮೇಲೊಂದು ತಗಡಿನ ಗೂಡು ಹಾಕಿಕೊಂಡು ದಾಟುವವರಿಗೆ ಶೇಂಗಾ ಕುದಿಸಿ ಮಾರಿದಳು. ಹಳೆಯ ಅಂಬಿಗರು ಅವಳ ಮುಂದೆ ಕಣ್ಣು ತಗ್ಗಿಸಿ ಬೇಗ ಬೇಗ ನಡೆಯುತ್ತಿದ್ದರು, ಅವರಲ್ಲಿ ಯಾರೂ ಅವಳ ಶೇಂಗಾ ಮುಟ್ಟುತ್ತಿರಲಿಲ್ಲ. ಹೊಸ ಜನಕ್ಕೆ ಅವಳು ಬರೀ ಶೇಂಗಾದ ಅವ್ವ.

ದ್ಯಾಮಣ್ಣ ಒಂದೇ ಸಲ ಅವಳನ್ನು ಕಂಡದ್ದು. ಎಡೆ ಇಟ್ಟ ಮರುವಾರವೇ, ಬಿಸಿಲಿನಲ್ಲಿ ಹರಿಗೋಲು ತರುತ್ತಿದ್ದವನು ನಡುಹೊಳೆಯಲ್ಲಿ ತಲೆ ಎತ್ತಿದ. ಅವಳು ನನ್ನ ಪಕ್ಕದಲ್ಲಿ ನಿಂತಿದ್ದಳು, ಕೈ ಎತ್ತಿ ಕರೆಯಲೂ ಇಲ್ಲ. ಅವನು ಹರಿಗೋಲನ್ನು ಸುತ್ತ ತಿರುಗಿಸಿ, ಕೂತ ಜನ ಬೈಯುತ್ತಿದ್ದಂತೆಯೇ ವಾಪಸ್ಸು ಹೋದ. ಅಂದಿನಿಂದ ಹುಟ್ಟನ್ನು ದಾಯಾದಿಯ ಕೈಗೆ ಕೊಟ್ಟ. ಪ್ರತಿ ಮಾಗಿಗೆ ತಂಗಿಯ ಹೆಸರಿನಲ್ಲಿ ಎಡೆ ಇಡುವುದನ್ನು ಮಾತ್ರ ತಪ್ಪಿಸಲಿಲ್ಲ. ಈಚೆಯ ದಡದಲ್ಲಿ ಕೂತು ಫಕೀರವ್ವ ಅದನ್ನು ನೋಡುತ್ತಿದ್ದಳು. "ಈ ವರ್ಷ ಎಲಿ ದೊಡ್ಡದು ಹಾಕ್ಯಾನ ನೋಡು. ಹೋಳಿಗಿ ಮಾಡ್ಸಿರಬೇಕು," ಎನ್ನುತ್ತಿದ್ದಳು. ತಾನು ಒಣ ರೊಟ್ಟಿ ಮುರಿಯುತ್ತಿದ್ದಳು.

ಮುಂದೆ ಸೇತುವೆ ಬಂತು. ಲಾರಿ, ಬಸ್ಸು, ಸೈಕಲ್ಲು, ಎಲ್ಲ ಅದರ ಮೇಲೆ ಓಡತೊಡಗಿದವು. ಹರಿಗೋಲನ್ನು ಬೋರಲು ಹಾಕಿದರು, ನನ್ನ ಹಗ್ಗ ಕೊಳೆತು ಬಿತ್ತು. ಪ್ರಭಾತನಗರಕ್ಕೆ ನಗರಸಭೆಯಾದಾಗ ಇದು ನಮ್ಮ ಪರಂಪರೆ ಎಂದು ಯಾರಿಗೋ ನೆನಪಾಗಿ, ನನ್ನನ್ನು ಕಂಬದಿಂದ ಇಳಿಸಿ ಟ್ರ್ಯಾಕ್ಟರಿಗೆ ಹಾಕಿದರು. ಫಕೀರವ್ವ ಸೆರಗಿನಿಂದ ನನ್ನ ಮೈ ಒರೆಸಿ, "ನೀನರ ಹೋಗು ಮನಿಗೆ," ಎಂದಳು. ಅಷ್ಟು ವರ್ಷ ಜನರನ್ನು ಆಚೆಗೆ ಕಳಿಸಿದ ನಾನು ಮೊದಲ ಸಲ ಹೊಳೆ ದಾಟಿದೆ, ಅವಳನ್ನು ಬಿಟ್ಟು.

ಈಗ ನಾನಿರುವುದು ನಗರಸಭೆಯ ಅಂಗಳದಲ್ಲಿ, ಸಿಮೆಂಟಿನ ಎರಡು ಕಂಬಗಳ ನಡುವೆ. ಮಕ್ಕಳು ಬಾರಿಸುತ್ತಾರೆಂದು ನನ್ನ ನಾಲಿಗೆಯನ್ನು ತಂತಿಯಿಂದ ಬಿಗಿದಿದ್ದಾರೆ. ಕೆಳಗೊಂದು ಫಲಕ: ಇಲ್ಲಿ ಮೊದಲು ಜನವಸತಿ ಇರಲಿಲ್ಲ, ಪ್ರಭಾತನಗರ ಸ್ಥಾಪನೆಯಾದ ಮೇಲೆ ಊರಾಯಿತು ಎಂದು ಬರೆಸಿದ್ದಾರೆ. ಓದಿದವರು ಬಾಲದ ಕಡೆಯಿಂದ ಹಾವು ಹಿಡಿಯುವುದು ಹೀಗೆ. ನಾನು ಏನು ಮಾಡಲಿ, ನಾಲಿಗೆ ಕಟ್ಟಿದೆ.

ಆದರೆ ಕಿವಿ ಇದೆ. ಬೆಳಗ್ಗೆ ಹಾಲು ಹಾಕಿ ಬಂದ ಹುಡುಗರು ನನ್ನ ಪಕ್ಕದ ಚಹಾ ಗಾಡಿಯಲ್ಲಿ ಮಾತಾಡುವುದನ್ನು ಕೇಳಿಸಿಕೊಳ್ಳುತ್ತೇನೆ. ಮಂಜು ಬಿದ್ದ ದಿನ ಸೇತುವೆಯ ಈ ತುದಿಯಲ್ಲಿ ಯಾರೋ ವಯಸ್ಸಾದವರು, ಮೈಯೆಲ್ಲ ತೊಯ್ದವರು, ದಾರಿ ತಪ್ಪಿದವರಂತೆ ನಿಂತು, "ನಾ ಎಲ್ಲಿಗೆ ಬಂದೀನಿ?" ಎಂದು ಕೇಳುತ್ತಾರಂತೆ. "ಪಾಪ, ಮರೆವಿನ ರೋಗ ಇರಬೇಕು," ಎನ್ನುತ್ತಾರೆ ಹುಡುಗರು. ಒಳ್ಳೆಯ ಮಕ್ಕಳು. ಗಾಡಿ ನಿಲ್ಲಿಸಿ, ಇದು ಪ್ರಭಾತನಗರ ಅಜ್ಜ, ಎಂದು ಬಿಡಿಸಿ ಹೇಳುತ್ತಾರೆ. ಸೇತುವೆ ಮಾತ್ರ ಯಾರನ್ನೂ ಏನೂ ಕೇಳುವುದಿಲ್ಲ. ಬಡಾವಣೆಗಳು ತುಂಬುತ್ತಿವೆ ಎಂದು ನಗರಸಭೆಯವರಿಗೆ ಭಾರಿ ಹೆಮ್ಮೆ.

ದ್ಯಾಮಣ್ಣ ಮುದುಕನಾಗಿ ಕೋಲು ಹಿಡಿದು ದಿನಾ ಬಂದು ನನ್ನ ಬಳಿಯ ಸಿಮೆಂಟು ಬೆಂಚಿನ ಮೇಲೆ ಕೂರತೊಡಗಿದ. ಅಂದು ತೊಟ್ಟಿಲಲ್ಲಿದ್ದ ಕೂಸು ಬದುಕಿ ಬೆಳೆದು, ಆ ಮಗನ ಮಗಳು ಶೈಲಜಾ ಇಲ್ಲಿಯ ಶಾಲೆಯಲ್ಲಿ ಟೀಚರಾಗಿದ್ದಳು. ಊರಿಗೆ ಹೆಸರಿಟ್ಟ ಸುವರ್ಣ ಮಹೋತ್ಸವ ಬಂತು. ಊರಿನ ಇತಿಹಾಸ ಬರೆದುಕೊಡು ಎಂದು ನಗರಸಭೆಯವರು ಅವಳಿಗೆ ಹೇಳಿದರು. ಅವಳು ಫಲಕ ನೋಡಿ, ಮೂಗು ಮುರಿದು, ಅಜ್ಜನ ಪಕ್ಕ ಕೂತು ಕೇಳಿದಳು. ಅವನು ಎಲ್ಲವನ್ನೂ ಹೇಳಿದ.

"ಫಕೀರವ್ವಜ್ಜಿ ಸತ್ತಾಳಂತ ನಿನಗ ಯಾರು ಹೇಳಿದ್ರು?" ಎಂದಳು ಶೈಲಜಾ.

"ಆಕಿನ ಹೇಳಿದ್ಲು. ಹಳೇ ಹೆಸರು ಹೇಳಿದ್ಲಲ್ಲ."

"ಹೆಸರು ಬದಲಾಗಿದ್ದು ಆಕಿಗೆ ಯಾರರ ಹೇಳಿದ್ರೇನು ಅಜ್ಜ?"

ದ್ಯಾಮಣ್ಣ ಕೋಲಿನ ತುದಿಯಿಂದ ನೆಲ ಕೆದಕತೊಡಗಿದ. ಅಷ್ಟು ವರ್ಷ ಅವನಿಗೆ ಈ ಪ್ರಶ್ನೆ ಹೊಳೆದೇ ಇರಲಿಲ್ಲವೋ, ಹೊಳೆದದ್ದನ್ನು ಒತ್ತಿ ಇಟ್ಟಿದ್ದನೋ ನನಗೆ ತಿಳಿಯದು. ಶೈಲಜಾ ಆಗಲೇ ಎದ್ದು ಸ್ಕೂಟಿ ಹತ್ತಿ ಸೇತುವೆ ದಾಟಿದಳು. ಬಂದಾಗ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಕುದಿಸಿದ ಶೇಂಗಾದ ಪೊಟ್ಟಣವಿತ್ತು. "ಬದುಕ್ಯಾಳ ಅಜ್ಜ. ಅಣ್ಣ ಕರಿಯಾಕ ಬಂದ್ರ ಬರ್ತೀನಿ, ಇಲ್ಲಂದ್ರ ಇಲ್ಲ ಅಂದ್ಲು," ಎಂದಳು.

ಅವನು ಶೇಂಗಾ ಮುಟ್ಟಲಿಲ್ಲ. ಮನೆಗೂ ಬೇಗ ಹೋಗಲಿಲ್ಲ. ಕೆಲವು ದಿನ ಒಬ್ಬನೇ ಗೊಣಗಿದ: ದೆವ್ವವಾದರೆ? ಮನುಷ್ಯಳಾದರೆ? ಎರಡನೆಯದೇ ಅವನಿಗೆ ಹೆಚ್ಚು ಭಯ ಹುಟ್ಟಿಸಿತ್ತು. ಕೊನೆಗೆ ಒಂದು ಬೆಳಗ್ಗೆ ಮಡಿ ಧೋತರ ಉಟ್ಟು, ರುಮಾಲು ಸುತ್ತಿ, ಉಡಿ ತುಂಬುವ ಸಾಮಾನು ಹಿಡಿದು ಬಂದು ಬೆಂಚಿನ ಮೇಲೆ ಕೂತ. "ಹೋಗಿ ಹೇಳವ್ವ ಆಕಿಗೆ, ಬರಾಕತ್ತೀನಿ ಅಂತ. ಬರೂಮುಂದ ಆಟೋ ತಗೊಂಡು ಬಾ," ಎಂದು ಮೊಮ್ಮಗಳನ್ನು ಕಳಿಸಿದ.

ಮಂಜು ಸೇತುವೆಯನ್ನು ನುಂಗಿತ್ತು. ಶೈಲಜಾ ಬರುವುದು ತಡವಾಯಿತು. ದ್ಯಾಮಣ್ಣನಿಗೆ ತಾಳಲಾಗಲಿಲ್ಲ. ಎದ್ದು ನನ್ನ ಕಂಬ ಹಿಡಿದು, ಹೊಳೆಯ ಕಡೆ ಮುಖ ಮಾಡಿ ಕೂಗಿದ. "ಫಕೀರವ್ವಾ, ಕರಿಯಾಕ ಬಂದೀನವ್ವಾ. ಮನಿಗೆ ಬಾ." ಒಂದು ಕಾಲದಲ್ಲಿ ಹೊಳೆ ದಾಟುತ್ತಿದ್ದ ದನಿ ಈಗ ರಸ್ತೆಯವರೆಗೂ ಹೋಗಲಿಲ್ಲ.

ಆದರೂ ಅವಳು ಬಂದಳು. ಗೇಟಿನಲ್ಲಿ ಕಾವಲುಗಾರ ಕೂತಿದ್ದ, ಅವನು ತಲೆ ಎತ್ತಲಿಲ್ಲ. ಸೀರೆಯ ಅಂಚು ಎತ್ತಿ ಹಿಡಿದು, ನಿಧಾನಕ್ಕೆ ನಡೆದು ಬಂದು ಅಣ್ಣನ ಪಕ್ಕ ಕೂತಳು. ದ್ಯಾಮಣ್ಣ ಅವಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅವರಿಬ್ಬರ ಮಾತು ನನಗೆ ಕೇಳಿಸಿತು.

"ಭಾಳ ತಡಾ ಮಾಡಿದಿ ಅಣ್ಣಾ."

"ಅಂಜಿದ್ದೆವ್ವಾ."

"ಈಗ?"

"ಈಗ ಅಂಜಿಕಿಲ್ಲ. ಕೈ ಯಾಕ ಇಷ್ಟು ತಣ್ಣಗಾಗ್ಯಾವು ನಿನ್ನವು?"

"ಮಂಜು ಐತಲ್ಲ," ಎಂದಳು ಅವಳು.

ಶೈಲಜಾ ಗೇಟಿನಲ್ಲಿ ಬಂದು ನಿಂತಾಗ ಆಟೋ ಇರಲಿಲ್ಲ. ಕಾವಲುಗಾರ, "ಬಂದ್ರೇನ್ರಿ ಟೀಚರ್, ನಿಮ್ಮ ಅಜ್ಜಿ?" ಎಂದು ಕೇಳಿದ. "ಇವತ್ತು ನಸುಕಿನ್ಯಾಗ ತೀರಿಕೊಂಡಾರ," ಎಂದಳು ಅವಳು, ದನಿ ತಗ್ಗಿಸಿ. "ದಡದ ಮಂದಿ ಆಗಲೇ ಚಟ್ಟ ಕಟ್ಟಾಕತ್ತಾರ. ಅಜ್ಜಗ ಹೆಂಗ ಹೇಳ್ಲಿ ನಾ? ಈಗರ ನಂಬಿದ್ದ."

ಕಣ್ಣೊರೆಸಿಕೊಂಡು ಬೆಂಚಿನ ಹತ್ತಿರ ಬಂದಳು. ಮುದುಕ ಬೆಂಚಿನ ಒಂದು ತುದಿಗೆ ಸರಿದು ಕೂತು, ಹಲ್ಲಿಲ್ಲದ ಬಾಯಿ ತುಂಬ ನಗುತ್ತಿದ್ದ. ಉಡಿಯ ಅಕ್ಕಿ, ಕೊಬ್ಬರಿ, ಎಲೆಯಡಿಕೆ ಬೆಂಚಿನ ಮೇಲೆ ಇದ್ದವು. "ನೀ ಸುಮ್ಮನ ಹೋದಿ ನೋಡು," ಎಂದ. "ಕರದ ಕೂಡಲೇ ತಾನ ನಡಕೊಂಡು ಬಂದ್ಲು. ಬಾ, ಅಜ್ಜಿ ಕಾಲಿಗೆ ಬೀಳು."

ಶೈಲಜಾ ಬೆಂಚನ್ನೇ ನೋಡಿದಳು. ಓದಿದ ಹುಡುಗಿ, ಮಕ್ಕಳಿಗೆ ವಿಜ್ಞಾನ ಕಲಿಸುವವಳು. ನಿಜ ಹೇಳಿದರೆ ಈ ಮುದುಕ ಬದುಕಿದ್ದ ತಂಗಿಯನ್ನು ಕೊಂದ ಭಾರ ಹೊತ್ತು ಸಾಯುತ್ತಾನೆ. ಹೇಳದಿದ್ದರೆ ಏನನ್ನು ಮನೆಗೆ ಕರೆದೊಯ್ದಂತಾಗುತ್ತದೋ ಅವಳಿಗೆ ತಿಳಿಯದು. ಮನೆಯಲ್ಲಿ ಅವಳದೇ ಎಳೆಯ ಮಗುವಿತ್ತು. ನಾನು ಹಳೆಯ ಲೋಹ, ಕಂಡದ್ದನ್ನು ಮರೆಯುವುದಿಲ್ಲ. ಬೇಡ ಮಗಳೇ ಎಂದು ನನ್ನ ಮೈಯೆಲ್ಲ ಕೂಗುತ್ತಿತ್ತು. ಹಾಗೆಯೇ, ಅಷ್ಟು ವರ್ಷ ದಡದಲ್ಲಿ ಒಣ ರೊಟ್ಟಿ ತಿಂದವಳಿಗೆ ಇನ್ನೊಮ್ಮೆ ಬರಬೇಡ ಎನ್ನುವ ಬಾಯಿ ನನಗೂ ಇರಲಿಲ್ಲ.

ಶೈಲಜಾ ಬಗ್ಗಿ ಬೆಂಚಿನ ಮುಂದೆ ನೆಲ ಮುಟ್ಟಿ ನಮಸ್ಕರಿಸಿದಳು. "ಅಜ್ಜಿ, ಚಾ ಕುಡೀತೀಯೇನು?" ಎಂದಳು. ಅವಳ ತೋಳಿನ ರೋಮ ನೆಟ್ಟಗೆ ನಿಂತದ್ದನ್ನು ನಾನು ಕಂಡೆ.

"ಮನಿಗೆ ಹೋಗಿ ಕುಡಿಯೂಣವ್ವ," ಎಂಬ ಉತ್ತರ ಬಂತು. ಅವಳಿಗೆ ಕೇಳಿಸಿತೋ ಇಲ್ಲವೋ ಹೇಳಲಾರೆ.

ಅಜ್ಜನ ಎಡಗೈ ಹಿಡಿದು ಅವಳು ಎಬ್ಬಿಸಿದಳು. ಅವನ ಬಲಗೈ ಬೇರೊಂದು ಕೈ ಹಿಡಿದಂತೆ ಗಾಳಿಯಲ್ಲಿ ಬಾಗಿತ್ತು. ಮೆಲ್ಲಗೆ ನಡೆದು ಗೇಟು ದಾಟಿದರು. ಅಜ್ಜ ಹೊರಗೆ ಹೋದ ಮೇಲೂ ಶೈಲಜಾ ಗೇಟು ಬಿಡಲಿಲ್ಲ. ಇನ್ನೊಬ್ಬರು ದಾಟುವಷ್ಟು ಹೊತ್ತು ಅದನ್ನು ತೆರೆದು ಹಿಡಿದು ನಿಂತು, ಆಮೇಲೆ ಮೆಲ್ಲಗೆ ಮುಚ್ಚಿದಳು.